ತಲಿ ಮ್ಯಾಲಿನ ಕ್ರೇನು

ನಮ್ಮ ಓಣ್ಯಾಗ ಅಪಾರ್ಟ್‌ಮೆಂಟ್ ಏಳಾಕತ್ತೈತಿ. ಅದರ ಕ್ರೇನು ನಾವು ಸಂಡಿಗಿ ಒಣಗಸೋ ಮಾಳಿಗಿ ಮ್ಯಾಲೆ ಹಾದು ಹೋಗ್ತೈತಿ. "ದೊಡ್ಡವರ ಕೆಲಸ, ನಮಗ್ಯಾಕ ಬೇಕು?" ಅಂತಾರ ಬಾಜೂಮನಿಯವ್ರು.

ನನಗ ಲಂಡನ್ನಿನ ಒಬ್ಬಾಕಿ ತಾಯಿ ನೆನಪಾಗ್ತಾಳ. 2006ರ ಸೆಪ್ಟೆಂಬರ್ 26ಕ್ಕ ಅಲ್ಲಿ ಬ್ಯಾಟರ್‌ಸೀ ಅನ್ನೋ ಕಡೆ ಟವರ್ ಕ್ರೇನ್ ಬಿತ್ತು. ಕ್ರೇನ್ ನಡಸಾಂವ ಸತ್ತ. ಕೆಳಗ ತನ್ನ ಕಾರಿನ ಹತ್ರ ಇದ್ದ ಈಕಿ ಮಗಾನೂ ಸತ್ತ, 23 ವರ್ಷದಾಂವ. ಬೋಲ್ಟ್ ಮುರಿದಿದ್ವು. ಎರಡು ತಿಂಗಳ ಹಿಂದನೂ ಅದೇ ಕ್ರೇನಿನ ಬೋಲ್ಟ್ ಮುರಿದು, ಬ್ಯಾರೆ ಹಾಕಿದ್ರಂತ!

ಆ ತಾಯಿ ಕಣ್ಣೀರು ಒರಸಿಕೊಂಡು ನೆರಿಹೊರಿಯವ್ರ ಜೋಡಿ ಹೋರಾಟಕ್ಕ ಇಳಿದ್ಲು. 2010ರಾಗ ಟವರ್ ಕ್ರೇನುಗಳ ಸರಕಾರಿ ನೋಂದಣಿ ಬಂತು. ಯಾವ ಕ್ರೇನು ಎಲ್ಲೈತಿ, ತಪಾಸಣಿ ಯಾವಾಗ ಆತು, ಎಲ್ಲಾ ಬರಸಬೇಕು. ಆದ್ರ 2013ರಾಗ ಅದನ್ನ ತಗದಹಾಕಿದ್ರು.

ನಮ್ಮಲ್ಲೂ 1996ರಾಗ ಕಟ್ಟಡ ಕಾರ್ಮಿಕರ ಕಾಯ್ದೆ ಮಾಡಿದ್ರು. ಕಾಯ್ದೆ ಇದ್ರ ಸಾಲೂದಿಲ್ಲ, ಕೇಳಾವ್ರು ಬೇಕು. ಆ ಕ್ರೇನಿನ ಕೆಳಗ ಕೂಲಿ ಹೆಣ್ಣಮಕ್ಕಳು ಕೂಸು ಕಟಗೊಂಡು ದುಡೀತಾರ. ಬರೂ ಸೋಮವಾರ ತಪಾಸಣಿ ಸರ್ಟಿಫಿಕೇಟ್ ತೋರಸ್ರಿ ಅಂತ ಕೇಳಾಕ ಹೊಂಟೇನಿ. ಬರ್ರೆವಾ, ನಾಕು ಮಂದಿ ಕೂಡಿ ಹೋಗೂಣು.