ಸ್ವಲ್ಪ ಮೈ ಬಂದಿದೆಯಲ್ಲೇ

ಮದುವೆ ಮನೆಗೆ ಬಂದ ಹರೆಯದ ಹುಡುಗಿಯನ್ನು ನಮ್ಮವರು ಮೊದಲು ಮಾತಾಡಿಸುವುದೇ ಅವಳ ಮೈ ನೋಡಿ. 'ಇಷ್ಟು ಸೊರಗಿದ್ದೀಯಲ್ಲೇ, ಹಾಸ್ಟೆಲ್ಲಿನಲ್ಲಿ ಊಟ ಹಾಕಲ್ವಾ?' ಎಂದು ಒಬ್ಬರು. ಎಲೆಯ ಮುಂದೆ ಕೂತರೆ, 'ಹೋಳಿಗೆ ಒಂದೇ ಸಾಕಮ್ಮ, ಸ್ವಲ್ಪ ಮೈ ಬಂದಿದೆಯಲ್ಲೇ' ಎಂದು ಇನ್ನೊಬ್ಬರು. 'ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ' ಅನ್ನುವುದಂತೂ ಹೊಗಳಿಕೆಯ ಲೆಕ್ಕದಲ್ಲೇ ಇದೆ. ಪ್ರೀತಿಯಿಂದಲೇ ಆಡುತ್ತಾರೆ, ಒಪ್ಪಿದೆ. ಆದರೆ ಓದು, ಹಾಡು, ಆಟ ಯಾವುದನ್ನೂ ಕೇಳದೆ ಮೈಯೊಂದನ್ನೇ ಕೇಳುತ್ತಿದ್ದರೆ, 'ನಾನು' ಅಂದರೆ ಇದೇ ಇರಬೇಕು ಎಂದು ಹುಡುಗಿ ನಂಬುತ್ತಾಳೆ.

ನನಗೆ ಫಿಜಿ ದ್ವೀಪಗಳ ವಿಷಯ ನೆನಪಾಗುತ್ತದೆ. ಅಲ್ಲಿ ಮೈ ಕೈ ತುಂಬಿಕೊಂಡಿದ್ದರೆ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದರ್ಥವಿತ್ತು, ಸೊರಗಿದರೇ ಚಿಂತೆ. 1995ರಲ್ಲಿ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗೊಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲಾ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಸಿಗಲಿಲ್ಲ. ಎರಡನೆಯ ಸಲ ನೂರಕ್ಕೆ 11 ಮಂದಿ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಧಾರಾವಾಹಿಯ ಹೆಂಗಸರಂತೆ ಕೆಲಸ ಹಿಡಿದು ಬದುಕು ಕಟ್ಟಿಕೊಳ್ಳುವ ಆಸೆ ಆ ಮಕ್ಕಳದು. ಅದಕ್ಕೆ ದಾರಿ ತೆಳ್ಳಗಿನ ಮೈ ಎಂದು ತಿಳಿದರು.

ಅದೇ 1998ರಲ್ಲಿ ಅಮೆರಿಕದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ. ನಿಲುವುಗನ್ನಡಿಯ ಕೋಣೆಯಲ್ಲಿ ಒಬ್ಬೊಬ್ಬರೇ ತೊಟ್ಟುಕೊಂಡು ಲೆಕ್ಕ ಬಿಡಿಸಬೇಕು. ಈಜುಡುಗೆಯವರು ಹಿಂದೆ ಬಿದ್ದರು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನೋಡುವವರು ಯಾರೂ ಇಲ್ಲದಾಗಲೂ ಹುಡುಗಿಯೇ ತನ್ನನ್ನು ಹೊರಗಿನಿಂದ ನೋಡುತ್ತಾಳೆ; ತಲೆಯ ಅರ್ಧ ಅಲ್ಲೇ ಖರ್ಚು.

ಹೀಗೆ ನೋಡಿಕೊಳ್ಳುವುದು ಮರೆತುಹೋಗುವ ಹೊತ್ತೂ ಇರುತ್ತದೆ. ಕಾಲೇಜು ಮೈದಾನದಲ್ಲಿ ಖೋ ಖೋ ನೋಡುತ್ತಿದ್ದೆ. ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿ 'ಖೋ' ಬಿದ್ದದ್ದೇ ಚಿಮ್ಮಿ, ಕಂಬದ ಪಕ್ಕ ನೆಲಕ್ಕೆ ಹಾರಿ, ಓಡುತ್ತಿದ್ದವಳ ಹಿಮ್ಮಡಿ ಮುಟ್ಟಿದಳು. ಮೊಣಕೈ ತರಚಿದ್ದೂ ಅವಳಿಗೆ ಗೊತ್ತಿಲ್ಲ. ಆಟ ಮುಗಿದು ಫೋನಿನಲ್ಲಿ ಫೋಟೊ ಬಂತು. ಎರಡು ಬೆರಳಲ್ಲಿ ಹಿಗ್ಗಿಸಿ ಅವಳು ನೋಡಿದ್ದು ತೋಳನ್ನು.

'ಡಿಲೀಟ್ ಮಾಡೇ, ತೋಳು ನೋಡು ಎಷ್ಟು ದಪ್ಪ.'

ಗೆಳತಿ ಫೋನು ಕಿತ್ತುಕೊಂಡಳು. 'ಮಾಡಲ್ಲ ಹೋಗೇ. ಅವರ ಕ್ಯಾಪ್ಟನ್ ಔಟಾಗಿದ್ದು ಇದರಲ್ಲೇ ಇರೋದು.'