ರೆಕ್ಕೆಯ ಬಾಗಿಲು, ನೀಳ ಮೂತಿ

ಹಳೆಯ ಮೋಟಾರುಗಳನ್ನು ಸಂಗ್ರಹಿಸುವಷ್ಟು ಸಿರಿ ನನಗಿಲ್ಲ. ಆದರೆ ಕುಳಿತಲ್ಲೇ ಆಯ್ಕೆ ಮಾಡುವ ಸುಖಕ್ಕೆ ಸುಂಕವಿಲ್ಲವಷ್ಟೆ.

೧೯೫೪ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಮುಖ ತೋರಿದ ಜರ್ಮನಿಯ ಮರ್ಸಿಡಿಸ್ ೩೦೦ ಎಸ್‌ಎಲ್‌ನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೇಳುತ್ತವೆ. ಬೆಡಗೆಂದು ಭಾವಿಸುವವರುಂಟು. ಉಕ್ಕಿನ ಕೊಳವೆಗಳನ್ನು ಹೆಣೆದ ಚೌಕಟ್ಟು ಇಕ್ಕೆಲದಲ್ಲೂ ಎತ್ತರಕ್ಕೆ ಬಂದುದರಿಂದ ಸಾಧಾರಣ ಬಾಗಿಲಿಗೆ ಎಡೆಯೇ ಉಳಿಯಲಿಲ್ಲ, ಅಷ್ಟೆ. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಜಿನೀವಾದಲ್ಲಿ ಕಾಣಿಸಿಕೊಂಡದ್ದು ೧೯೬೧ರಲ್ಲಿ. ಅದರ ನೀಳ ಮೂತಿಯನ್ನು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಪಳಗಿದವರು.

ರೆಕ್ಕೆಯ ಬಾಗಿಲಿನವು ತಯಾರಾದದ್ದು ೧,೪೦೦ ಮಾತ್ರ. ಇ-ಟೈಪ್ ೭೦,೦೦೦ಕ್ಕೂ ಮೇಲು. ಮರ್ಸಿಡಿಸ್ಸಿನ ಬೆಲೆ ಗಗನಕ್ಕೇರಿದುದರಲ್ಲಿ ಆಶ್ಚರ್ಯವೇನು? ಅಂಥದನ್ನು ರಸ್ತೆಗಿಳಿಸಲು ಎಷ್ಟು ಮಂದಿಗೆ ಎದೆಯಿದ್ದೀತು! ಆದರೆ ಆ ಯಂತ್ರಕ್ಕೆ ಸುಮ್ಮನೆ ನಿಲ್ಲುವುದು ಒಗ್ಗದು. ಕೀಲಿ ತಿರುಗಿಸಿ ನಿಲ್ಲಿಸಿದರೂ ಎಂಜಿನ್ ಸ್ತಬ್ಧವಾಗುವವರೆಗೆ ಪಂಪು ಪೆಟ್ರೋಲನ್ನು ಚಿಮ್ಮುತ್ತದೆ. ಉರಿಯದ ಪೆಟ್ರೋಲು ಕೆಳಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ದೂರ ಓಡಿಸದೆ ಪದೇ ಪದೇ ಹೊರಡಿಸಿ ನಿಲ್ಲಿಸಿದರೆ ಸವೆತ ತಪ್ಪದು.

ಜಾಗ್ವಾರಿನ ಶತ್ರು ತುಕ್ಕು. ಬಾಗಿಲ ಕೆಳಗಿನ ಉಕ್ಕು ಒಳಗಿನಿಂದಲೇ ಜೀರ್ಣವಾಗಿದ್ದರೆ ಮೇಲಿನ ಬಣ್ಣದ ಮಿರುಗನ್ನು ನಂಬಿ ಹಣ ಸುರಿದವನ ಪಾಡು ಹೇಳತೀರದು.

ಆದರೂ ನನ್ನ ಮತ ಜಾಗ್ವಾರಿಗೇ. ತಗಡನ್ನು ಬದಲಿಸಬಹುದು, ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ, ಭಾನುವಾರ ಬಿಸಿಲು ಕಂಡರೆ ಅಂಜದೆ ಹೊರಗೆ ತೆಗೆಯಬಹುದು. ಮೊದಲ ಮಾದರಿಯಲ್ಲಿ ಇಬ್ಬರಿಗಷ್ಟೇ ಎಡೆ; ಮಕ್ಕಳು ಮುನಿದಾರು.