ಎಂಟಕ್ಕೆ ಎಷ್ಟು, ಹತ್ತಕ್ಕೆ ಎಷ್ಟು?

2023ರ ಮೇ ತಿಂಗಳಲ್ಲಿ ನಮ್ಮ ಚಿತ್ರದುರ್ಗ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂತು. ಶೇ 96.80. ಬರದ ಸುದ್ದಿಗೋ ಕೋಟೆಯ ಫೋಟೋಗೋ ಮಾತ್ರ ಪೇಪರಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ಜಿಲ್ಲೆ ಉಡುಪಿ, ದಕ್ಷಿಣ ಕನ್ನಡಗಳನ್ನು ಹಿಂದೆ ಹಾಕಿದೆ ಅಂದ್ರೆ ಸುಮ್ನೆನಾ? ಬೆಂಗಳೂರಿನಲ್ಲಿರೋ ದುರ್ಗದವರೆಲ್ಲ ಸ್ಟೇಟಸ್ ಹಾಕಿಕೊಂಡೆವು.

ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಗ್ರೇಸ್ ಅಂಕ ಹೆಚ್ಚಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ದುರ್ಗವೂ 73ರ ಆಸುಪಾಸಿಗೆ ಜಾರಿ, ಪಟ್ಟಿಯಲ್ಲಿ ಇಪ್ಪತ್ತರ ಆಚೆ ಹೋಯಿತು. ಆ ಸಲ ಯಾರೂ ಸ್ಟೇಟಸ್ ಹಾಕಲಿಲ್ಲ.

ಯಾರೋ ಕಾಪಿ ಹೊಡೆಸಿದರು ಅಂತ ಬೆರಳು ತೋರಿಸೋದು ನನ್ನ ಉದ್ದೇಶ ಅಲ್ಲ. ಮಕ್ಕಳ ಬ್ಯಾಚು ಬೇರೆ, ನಿಜ. ಆದರೆ ಶಾಲೆಗಳು ಅವೇ, ಮೇಷ್ಟ್ರುಗಳು ಹೆಚ್ಚುಕಮ್ಮಿ ಅವರೇ. ಒಂದೇ ವರ್ಷದಲ್ಲಿ ಅವರೆಲ್ಲ ಪಾಠ ಮಾಡೋದನ್ನ ಮರೆತರಾ? ಇಲ್ಲ. ಹಾಗಾದರೆ ಆ ಶೇಕಡಾವಾರು ಶಾಲೆಯ ಬಗ್ಗೆ ಹೇಳೋದಕ್ಕಿಂತ ಪರೀಕ್ಷೆಯ ಬಗ್ಗೆಯೇ ಹೆಚ್ಚು ಹೇಳುತ್ತೆ ಅಂತಾಯ್ತು.

ಜಿಲ್ಲೆಯ ಅಂಕಿಯೇ ಹೀಗೆ ಜಾರಿದರೆ ಒಂದೊಂದು ಶಾಲೆಯ ಅಂಕಿ ಇನ್ನೂ ಜಾರುತ್ತೆ. ಹಳ್ಳಿಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಇಪ್ಪತ್ತು ಮಕ್ಕಳಿದ್ದರೆ, ಒಬ್ಬ ಫೇಲಾದ ಅಂದ್ರೆ ಶೇ 5 ಹೋಯ್ತು. ಇನ್ನು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳು ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಊರಿನ ಸರ್ಕಾರಿ ಹೈಸ್ಕೂಲು ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕು. ಇವೆರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸೋದು ಕೇರಿ ಹಸನು ಮಾಡಿದ ರಾಗಿಯನ್ನೂ ಕಣದ ರಾಗಿಯನ್ನೂ ಒಂದೇ ಸೇರಿನಲ್ಲಿ ಅಳೆದ ಹಾಗೆ.

ತಾಲ್ಲೂಕುಗಳೂ ಒಂದೇ ಥರ ಇಲ್ಲ. ದುರ್ಗ ಟೌನಿನಲ್ಲಿ ಒಂದು ಶಾಲೆ ಸರಿಬರಲಿಲ್ಲ ಅಂದ್ರೆ ಇನ್ನೊಂದಕ್ಕೆ ನಡೆದೇ ಹೋಗಬಹುದು. ಸಿರಿಗೆರೆ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಕಡೆ ಮಠ, ಆಶ್ರಮಗಳು ಶಾಲೆ ಕಟ್ಟಿ ಹಳ್ಳಿ ಮಕ್ಕಳನ್ನು ಓದಿಸಿದವು. ಹಿರಿಯೂರಿನ ಮೇಲೆ ಬೆಂಗಳೂರು–ಪುಣೆ ಹೆದ್ದಾರಿಯೇ ಹಾದುಹೋಗುತ್ತೆ, ಆದರೆ ದೂರದ ಬಸ್ಸು ಹಳ್ಳಿ ಗೇಟಿನಲ್ಲಿ ನಿಲ್ಲಲ್ಲ. ಹೊಳಲ್ಕೆರೆ, ಹೊಸದುರ್ಗದ ತೋಟದ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಕೂಲಿ ಮನೆಯ ಮಕ್ಕಳ ಹಾಜರಿ ನೋಡಿ, ಗೊತ್ತಾಗುತ್ತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲದಂತಾಯ್ತು. ದೂರದ ಹೈಸ್ಕೂಲೂ ಹತ್ತಿರವಾಯ್ತು. ಆದರೆ ಬರೀ ಖಾಸಗಿ ಬಸ್ಸು ಓಡೋ ರೂಟಿನವರಿಗೆ ಆ ಭಾಗ್ಯ ಇಲ್ಲ.

ನಮ್ಮಕ್ಕನ ಮಗಳು ಏಳನೇ ಕ್ಲಾಸು ಮುಗಿಸಿದಾಗ ಇದೆಲ್ಲ ನಮ್ಮ ಮನೆಯ ಲೆಕ್ಕವೇ ಆಯ್ತು. ಅವರದು ಹೊಸದುರ್ಗದ ಕಡೆಯ ಹಳ್ಳಿ. ಭಾವ ಶೇ 100 ಬಂದ ಶಾಲೆಗಳ ಪಟ್ಟಿಯ ಫೋಟೋ ಕಳಿಸಿ, ‘ಇದ್ರಲ್ಲಿ ಯಾವ್ದು ಒಳ್ಳೇದು ಹೇಳಪ್ಪಾ’ ಅಂದ್ರು. ‘ಪಟ್ಟಿ ಬಿಡಿ ಭಾವ, ಹೋಗಿ ನೋಡೋಣ’ ಅಂದೆ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ, ಎಲ್ಲರೂ ಸೇರಿ ಮೂರು ಶಾಲೆ ನೋಡಿಬಂದೆವು. ಕೇಳಿದ್ದು ನಾಲ್ಕೇ ಪ್ರಶ್ನೆ.

ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾದರೆ ಯಾವ ತಿಂಗಳಿಗೆ ಬರ್ತಾರೆ? ಹೆಣ್ಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಾ? ಸಂಜೆ ವಿಶೇಷ ತರಗತಿ ಮುಗಿದ ಮೇಲೆ ಊರಿಗೆ ಬಸ್ ಇದೆಯಾ? ಎಂಟಕ್ಕೆ ಸೇರಿದವರಲ್ಲಿ ಎಷ್ಟು ಜನ ಹತ್ತರ ಪರೀಕ್ಷೆ ಬರೆದರು?

ಕೊನೆಯ ಪ್ರಶ್ನೆಗೆ ಎರಡು ಕಡೆ ‘ಅದೆಲ್ಲ ಯಾಕೆ ಸಾರ್’ ಅಂದರು. ಮೂರನೆಯದು ಸರ್ಕಾರಿ ಹೈಸ್ಕೂಲು. ಹೆಡ್ ಮೇಷ್ಟ್ರು ಎದ್ದುಹೋಗಿ ಬೀರುವಿನಿಂದ ದಾಖಲಾತಿ ಪುಸ್ತಕ ತಂದರು. ಹಿಂದಿನ ಬ್ಯಾಚಿನಲ್ಲಿ ಇಬ್ಬರು ಬಿಟ್ಟು ಉಳಿದವರೆಲ್ಲ ಪರೀಕ್ಷೆ ಬರೆದಿದ್ದರು. ಆ ಇಬ್ಬರ ಹೆಸರು ಹೇಳೋಕೆ ಅವರಿಗೆ ಪುಸ್ತಕ ಬೇಕಾಗಲಿಲ್ಲ. ‘ಒಬ್ಬಳಿಗೆ ಮದುವೆ ಗೊತ್ತು ಮಾಡಿದ್ರು. ಹೋಗಿ ನಿಲ್ಲಿಸಿದ್ವಿ, ಆದ್ರೆ ಅಜ್ಜಿ ಊರಿಗೆ ಕಳಿಸಿಬಿಟ್ರು. ಇನ್ನೊಬ್ಬ ನಿಮ್ಮ ಬೆಂಗಳೂರಿಗೇ ಹೋದ, ಬೇಕರಿ ಕೆಲಸಕ್ಕೆ. ಮೂರು ಸಲ ಅವರ ಮನೆಗೆ ಹೋಗಿದ್ದೆ’ ಅಂದರು.

ಆ ಶಾಲೆಯ ಫಲಿತಾಂಶ ಶೇ 100 ಅಲ್ಲ. ಶೌಚಾಲಯಕ್ಕೆ ನೀರು ದಿನಬಿಟ್ಟು ದಿನ ಬರುತ್ತೆ. ಹುಡುಗಿಯನ್ನ ಅಲ್ಲಿಗೇ ಸೇರಿಸಿದೆವು.

ಫಲಿತಾಂಶದ ಲೆಕ್ಕ ಹಾಕೋದು ಪರೀಕ್ಷೆಗೆ ಕೂತವರ ಮೇಲೆ. ಒಂಬತ್ತರಲ್ಲೇ ಶಾಲೆ ಬಿಟ್ಟ ಮಗು ಪಾಸೂ ಅಲ್ಲ, ಫೇಲೂ ಅಲ್ಲ. ಲೆಕ್ಕದಲ್ಲೇ ಇಲ್ಲ. ಹಾಗಾಗಿ ಅರ್ಧ ಮಕ್ಕಳನ್ನು ದಾರಿಯಲ್ಲೇ ಕಳೆದುಕೊಂಡ ಶಾಲೆಯೂ ಶೇ 100ರ ಬೋರ್ಡು ಹಾಕಿಕೊಳ್ಳಬಹುದು, ಒಬ್ಬ ಹುಡುಗನಿಗಾಗಿ ಮೂರು ಸಲ ಬಿಸಿಲಲ್ಲಿ ನಡೆದ ಮೇಷ್ಟ್ರ ಶಾಲೆ ಅದರ ಕೆಳಗೆ ನಿಲ್ಲಬಹುದು.

ಮುಂದಿನ ಸಲ ಊರಿನ ಗ್ರೂಪಿನಲ್ಲಿ ‘ನಮ್ಮ ಶಾಲೆಗೆ ನೂರಕ್ಕೆ ನೂರು’ ಅಂತ ಮೆಸೇಜ್ ಬಂದರೆ ಖಂಡಿತ ಖುಷಿಪಡಿ. ಜೊತೆಗೆ, ಎಂಟನೇ ಕ್ಲಾಸಿನಲ್ಲಿ ಎಷ್ಟು ಜನ ಇದ್ರು ಅಂತ ಒಂದು ಮಾತು ಕೇಳಿ. ಗ್ರೂಪಿನಲ್ಲಿ ಉತ್ತರ ಬರಲಿಲ್ಲ ಅಂದ್ರೆ, ಆಫೀಸಿನ ಪಕ್ಕದ ಬೇಕರಿಯಲ್ಲಿ ಟೀ ಗ್ಲಾಸು ಎತ್ತೋ ಹುಡುಗನನ್ನ ಕೇಳಿ, ಯಾವೂರಪ್ಪಾ ನಿಂದು ಅಂತ.